ವೆಬ್.ಎಕ್ಸ್‌ಎಂಎಲ್: ಹಳೇ ಫೈಲು, ನಾನಿನ್ನೂ ಬಿಟ್ಟಿಲ್ಲ

ಜಾವಾ ವೆಬ್ ಅಪ್ಲಿಕೇಶನ್‌ಗಳನ್ನು ಸರ್ವರ್‌ಗೆ ಹಾಕುವುದು ನನ್ನ ಕೆಲಸ. ಕೋಡ್ ಬರೆಯುವವರು ಇಡೀ ಅಪ್ಲಿಕೇಶನ್ ಕಟ್ಟಿಟ್ಟ ವಾರ್ ಫೈಲ್ ಕೊಟ್ಟು ಹೋಗುತ್ತಾರೆ. ಅದು ಏಳದಿದ್ದರೆ ನನ್ನನ್ನು ಕೂಗುತ್ತಾರೆ. ಆಗ ನಾನು ಮೊದಲು ಬಿಚ್ಚಿ ನೋಡುವುದು, ಅಪ್ಲಿಕೇಶನ್ ಹೇಗೆ ನಡೆಯಬೇಕು ಅಂತ ಸರ್ವರ್‌ಗೆ ಹೇಳುವ ಫೈಲನ್ನು, ಅಂದರೆ ವೆಬ್-ಇನ್ಫ್ ಫೋಲ್ಡರ್‌ನಲ್ಲಿರುವ ವೆಬ್.ಎಕ್ಸ್‌ಎಂಎಲ್. ಇಷ್ಟು ವರ್ಷ ಜೊತೆಗೆ ಏಗಿದ ಮೇಲೆ ಅದರ ಬಗ್ಗೆ ನಾಲ್ಕು ಮಾತು ಬರೆಯಲೇಬೇಕು ಅನ್ನಿಸಿತು.

ನಾನೇ ಮಾಡಿಕೊಂಡ ಎಡವಟ್ಟನ್ನು ಮೊದಲು ಹೇಳಿಬಿಡುತ್ತೇನೆ. ಬಳಕೆದಾರ ಅರ್ಧ ಗಂಟೆ ಸುಮ್ನೆ ಇದ್ದರೆ ಲಾಗಿನ್ ಹೋಗಬೇಕು ಅಂತ ಕೇಳಿದ್ದರು. ಸೆಷನ್ (ಸರ್ವರ್ ಒಬ್ಬೊಬ್ಬ ಬಳಕೆದಾರನ ಬಗ್ಗೆ ಇಟ್ಟುಕೊಳ್ಳುವ ನೆನಪು) ಎಷ್ಟು ಹೊತ್ತು ಇರಬೇಕು ಅಂತ ಹೇಳುವ ಸೆಷನ್-ಟೈಮ್‌ಔಟ್ ಟ್ಯಾಗ್ ಒಳಗೆ 1800 ಅಂತ ಹೊಡೆದೆ. ಕೋಡ್‌ನಲ್ಲಿ ಇದೇ ಕೆಲಸಕ್ಕಿರುವ ಸೆಟ್‌ಮ್ಯಾಕ್ಸ್‌ಇನ್‌ಆಕ್ಟಿವ್‌ಇಂಟರ್ವಲ್ ಸೆಕೆಂಡಿನ ಲೆಕ್ಕ ಕೇಳುತ್ತದೆ, ಕೈ ಅದಕ್ಕೇ ಪಳಗಿತ್ತು. ವೆಬ್.ಎಕ್ಸ್‌ಎಂಎಲ್‌ನದು ನಿಮಿಷದ ಲೆಕ್ಕ. 1800 ನಿಮಿಷ ಅಂದರೆ 30 ಗಂಟೆ! ಟೆಸ್ಟಿಂಗ್‌ನಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಲಾಗಿನ್ ಬೇಗ ಹೋದರೆ ಜನ ದೂರುತ್ತಾರೆ, ಹೋಗದಿದ್ದರೆ ಯಾರು ದೂರುತ್ತಾರೆ? ಲೈವ್ ಆದ ಮಾರನೇ ದಿನ ಮಧ್ಯಾಹ್ನ ಮೆಮೊರಿ ಗ್ರಾಫ್ ಮೆಟ್ಟಿಲು ಹತ್ತಿದ ಹಾಗೆ ಏರತೊಡಗಿತು. ಹೀಪ್ ಡಂಪ್, ಅಂದರೆ ಮೆಮೊರಿಯ ನಕಲು, ತೆಗೆದು ನೋಡಿದರೆ ಹಿಂದಿನ ದಿನ ಬೆಳಿಗ್ಗೆ ಬಂದು ಹೋದವರ ಸೆಷನ್‌ಗಳೂ ಅಲ್ಲೇ ಬೀಡುಬಿಟ್ಟಿದ್ದವು.

ತಪ್ಪು ನನ್ನದೇ, ಒಪ್ಪುತ್ತೇನೆ. ಆದರೂ ಆ ಟ್ಯಾಗ್ ಹೆಸರಿನಲ್ಲಿ ನಿಮಿಷದ ಸುಳಿವೇ ಇಲ್ಲ, ಅಲ್ವಾ? ಅಲ್ಲೇ ಇನ್ನೊಂದು ಹೊಂಡವಿದೆ. ಸೊನ್ನೆ ಹಾಕಿದರೆ ತಕ್ಷಣ ಸೆಷನ್ ಮುಗಿಯುತ್ತದೆ ಅಂದುಕೊಳ್ಳಬೇಡಿ. ಸೊನ್ನೆಯೋ ಮೈನಸ್ಸೋ ಹಾಕಿದರೆ ಅದು ಮುಗಿಯುವುದೇ ಇಲ್ಲ.

ಸರ್ವ್ಲೆಟ್ ಅಂದರೆ ಬ್ರೌಸರ್‌ನ ಕೋರಿಕೆಗೆ ಉತ್ತರ ಕೊಡುವ ಜಾವಾ ಕ್ಲಾಸ್. ಅದರ ಸ್ಪೆಸಿಫಿಕೇಶನ್‌ನ, ಅಂದರೆ ನಿಯಮಾವಳಿಯ, 2.3ನೇ ಆವೃತ್ತಿಯ ಕಾಟ ಹಳಬರಿಗೆ ನೆನಪಿರಬಹುದು. ಯಾವ ಟ್ಯಾಗ್ ಎಲ್ಲಿರಬೇಕು ಅಂತ ಡಿಟಿಡಿ ಅನ್ನುವ ಫೈಲು ಹೇಳುತ್ತಿದ್ದ ಕಾಲ ಅದು. ಟ್ಯಾಗ್‌ಗಳು ಸಾಲಾಗಿ ನಿಲ್ಲಬೇಕಿತ್ತು. ಸರ್ವ್ಲೆಟ್‌ಗಳೆಲ್ಲ ಮುಗಿದ ಮೇಲೆಯೇ ಸರ್ವ್ಲೆಟ್-ಮ್ಯಾಪಿಂಗ್, ಆಮೇಲೆಯೇ ಸೆಷನ್-ಕಾನ್ಫಿಗ್. ನಾವೇನಾದರೂ ಕೇಳಿಕೊಂಡರೆ ಹೊರತು ಟಾಮ್‌ಕ್ಯಾಟ್ ಸರ್ವರ್ ಈ ಸಾಲನ್ನು ಪರೀಕ್ಷಿಸುವುದಿಲ್ಲ, ಹಾಗಾಗಿ ನಮ್ಮ ಮೆಷಿನ್‌ನಲ್ಲಿ ಎಲ್ಲ ಸರಿಯಾಗೇ ಓಡುತ್ತಿತ್ತು. ಅದೇ ವಾರ್ ಅನ್ನು ಕಟ್ಟುನಿಟ್ಟಿನ ಇನ್ನೊಂದು ಸರ್ವರ್‌ಗೆ ಹಾಕಿದೆವೋ, ಇರಬೇಕಾದ ಟ್ಯಾಗ್‌ಗಳನ್ನೆಲ್ಲ ಒಂದೇ ಉಸಿರಿಗೆ ಪಟ್ಟಿ ಮಾಡಿ ಬೈಯುತ್ತಿತ್ತು. ಯಾವ ಸಾಲು ತಪ್ಪು ಅಂತ ನಾವೇ ಹುಡುಕಬೇಕು. 2003ರಲ್ಲಿ 2.4 ಬಂತು, ಡಿಟಿಡಿ ಜಾಗಕ್ಕೆ ಸ್ಕೀಮಾ ಬಂತು, ಆ ಹಟವೂ ಹೋಯಿತು. ಆದರೆ ಹಳೇ ಫೈಲಿನಿಂದ ಕಾಪಿ ಹೊಡೆದ 2.3ರ ತಲೆಬರಹ ಇವತ್ತಿಗೂ ನನ್ನ ಕೈಗೆ ಬರುತ್ತದೆ.

2009ರ ಸರ್ವ್ಲೆಟ್ 3.0 ಆದಮೇಲೆ ಈ ಫೈಲ್ ಇಲ್ಲದೆಯೂ ನಡೆಯುತ್ತದೆ. ಕ್ಲಾಸ್ ತಲೆಯ ಮೇಲೆ @ವೆಬ್‌ಸರ್ವ್ಲೆಟ್ ಅಂತ ಬರೆದರೆ ಆಯಿತು. ಮತ್ಯಾಕೆ ಇನ್ನೂ ಇಟ್ಟುಕೊಂಡಿದ್ದೀಯ ಅಂತ ಹುಡುಗರು ಕೇಳುತ್ತಾರೆ. ಫಿಲ್ಟರ್‌ಗಳಿಗಾಗಿ, ಅಂದರೆ ಸರ್ವ್ಲೆಟ್‌ಗೆ ತಲುಪುವ ಮುಂಚೆ ಕೋರಿಕೆಯನ್ನು ತಡೆದು ನೋಡುವ ಕೋಡ್‌ಗಾಗಿ! @ವೆಬ್‌ಫಿಲ್ಟರ್‌ನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅಂತ ಹೇಳಲು ದಾರಿಯೇ ಇಲ್ಲ. ವೆಬ್.ಎಕ್ಸ್‌ಎಂಎಲ್‌ನಲ್ಲಿ ಯುಆರ್‌ಎಲ್ ಮೇಲಿನ ಫಿಲ್ಟರ್-ಮ್ಯಾಪಿಂಗ್‌ಗಳನ್ನು ಬರೆದ ಕ್ರಮದಲ್ಲೇ ಸರ್ವರ್ ಓಡಿಸುತ್ತದೆ. ಅಕ್ಷರಗಳ ಎನ್‌ಕೋಡಿಂಗ್ ಸರಿಮಾಡುವ ಫಿಲ್ಟರ್, ಲಾಗಿನ್ ಫಿಲ್ಟರ್‌ಗಿಂತ ಮೇಲಿರಬೇಕು. ಕೆಳಗಾದರೆ, ಲಾಗಿನ್ ಫಿಲ್ಟರ್ ಪ್ಯಾರಾಮೀಟರ್ ಒಂದನ್ನು ಓದಿದ ಮೇಲೆ ಎನ್‌ಕೋಡಿಂಗ್ ಹೇಳಿ ಪ್ರಯೋಜನವಿಲ್ಲ, ಫಾರ್ಮ್‌ನಲ್ಲಿ ಬರೆದ ಕನ್ನಡವೆಲ್ಲ ಕಲಸುಮೇಲೋಗರ. ಎರಡು ಬ್ಲಾಕ್‌ಗಳನ್ನು ಮೇಲೆ ಕೆಳಗೆ ಮಾಡಿದರೆ ಸರಿಹೋಗುತ್ತದೆ, ಕೋಡ್ ಮುಟ್ಟುವುದೇ ಬೇಡ. ಈ ಒಂದು ಕಾರಣಕ್ಕೇ ನಾನು ಫೈಲನ್ನು ಬಿಟ್ಟಿಲ್ಲ.

ಈ ಫೈಲಿನಲ್ಲಿ ಬರೆದಿದ್ದಷ್ಟೇ ಲೆಕ್ಕ ಅಂತ ಸರ್ವರ್‌ಗೆ ಹೇಳುವ ಮೆಟಾಡೇಟಾ-ಕಂಪ್ಲೀಟ್ ಅನ್ನು ಟ್ರೂ ಮಾಡುವುದೂ ನನಗೆ ಅಭ್ಯಾಸವಾಗಿದೆ. ಇಲ್ಲದಿದ್ದರೆ ಯಾವುದೋ ಲೈಬ್ರರಿಯ ಜಾರ್ ಫೈಲ್ ಒಳಗಿನ ವೆಬ್-ಫ್ರಾಗ್ಮೆಂಟ್ ಅನ್ನುವ ಪುಟ್ಟ ಸೆಟ್ಟಿಂಗ್ ಫೈಲು ನಮಗೆ ಗೊತ್ತಿಲ್ಲದ ಸರ್ವ್ಲೆಟ್ ಒಂದನ್ನು ತಂದು ಕೂರಿಸುತ್ತದೆ.

ಸೆಕ್ಯುರಿಟಿ ಭಾಗವನ್ನು ಮಾತ್ರ ಕಣ್ಣು ಮುಚ್ಚಿ ನಂಬಬೇಡಿ. ಅಡ್ಮಿನ್ ಪುಟಗಳಿಗೆ ಕಾವಲು ಹಾಕುವಾಗ ಸೆಕ್ಯುರಿಟಿ-ಕನ್‌ಸ್ಟ್ರೈಂಟ್ ಒಳಗೆ ಗೆಟ್, ಪೋಸ್ಟ್ ಅನ್ನುವ ಎರಡು ಎಚ್‌ಟಿಟಿಪಿ ಮೆಥಡ್‌ಗಳನ್ನು (ಕೋರಿಕೆಯ ಬಗೆಗಳನ್ನು) ಮಾತ್ರ ಬರೆದು ಬಿಡುವವರೇ ಜಾಸ್ತಿ. ನೋಡಲು ಬಿಗಿಯಾಗಿದೆ ಅನಿಸುತ್ತದೆ. ಅಸಲಿಗೆ ಆ ಕಾವಲು ಬರೆದ ಎರಡಕ್ಕೆ ಮಾತ್ರ. ಪುಟ್, ಡಿಲೀಟ್, ಹೆಡ್‌ಗೆ ಬಾಗಿಲು ತೆರೆದೇ ಇದೆ. ಮೆಥಡ್ ಹೆಸರೇ ಬರೆಯದಿದ್ದರೆ ಎಲ್ಲಕ್ಕೂ ಬೀಗ ಬೀಳುತ್ತದೆ. ಕಡಿಮೆ ಬರೆದಷ್ಟೂ ಹೆಚ್ಚು ಭದ್ರ ಅನ್ನುವ ವಿಚಿತ್ರ ಲೆಕ್ಕ! 2013ರ 3.1ರಲ್ಲಿ ಡಿನೈ-ಅನ್‌ಕವರ್ಡ್-ಎಚ್‌ಟಿಟಿಪಿ-ಮೆಥಡ್ಸ್ ಅನ್ನುವ ಟ್ಯಾಗ್ ಬಂತು. ಬಿಟ್ಟುಹೋದ ಮೆಥಡ್‌ಗಳನ್ನು ಅದು ತಡೆಯುತ್ತದೆ. ಹೆಸರು ಉದ್ದ, ಕೆಲಸ ಒಳ್ಳೆಯದು, ಹಾಕಿಕೊಳ್ಳಿ.

ಅಂಕ ಕೊಡು ಅಂದರೆ ಐದಕ್ಕೆ ಮೂರೂವರೆ. ಡೇಟಾಬೇಸ್ ವಿಷಯದಲ್ಲಿ ಇದು ಜಾಣ ಫೈಲು. ಇಲ್ಲಿ ರಿಸೋರ್ಸ್-ರೆಫ್ ಅಂತ ಬರೀ ಹೆಸರು ಕೊಟ್ಟು, ನಿಜವಾದ ವಿಳಾಸ, ಪಾಸ್‌ವರ್ಡ್ ಎಲ್ಲವನ್ನೂ ಸರ್ವರ್ ಕಡೆ ಇಡಬಹುದು. ಒಂದೇ ವಾರ್ ಟೆಸ್ಟ್‌ಗೂ ಲೈವ್‌ಗೂ ಆಗುತ್ತದೆ. ಆದರೆ ಅಪ್ಲಿಕೇಶನ್‌ನ ಸೆಟ್ಟಿಂಗ್‌ಗಳಿಗಿರುವ ಕಾಂಟೆಕ್ಸ್ಟ್-ಪ್ಯಾರಮ್‌ನಲ್ಲಿ ಬರೆದ ಮೌಲ್ಯಗಳು ವಾರ್ ಒಳಗೇ ಸಿಕ್ಕಿಕೊಳ್ಳುತ್ತವೆ. ಹೊರಗಿನ ಎನ್ವಿರಾನ್ಮೆಂಟ್ ವೇರಿಯಬಲ್‌ನಿಂದ ಅವನ್ನು ತುಂಬಿಸುವ ದಾರಿ ಸ್ಪೆಸಿಫಿಕೇಶನ್‌ನಲ್ಲಿ ಇಲ್ಲ, ಒಂದೊಂದು ಸರ್ವರ್ ತನ್ನದೇ ದಾರಿ ಮಾಡಿಕೊಂಡಿದೆ. ಇಮೇಲ್ ಸರ್ವರ್‌ನ ವಿಳಾಸದಲ್ಲಿ ಒಂದೇ ಒಂದು ಅಂಕಿ ಬದಲಿಸಲು ರಾತ್ರಿ ಹನ್ನೊಂದಕ್ಕೆ ಇಡೀ ವಾರ್ ಮತ್ತೆ ಕಟ್ಟಿ ಹಾಕಿದ್ದೇನೆ. ಕಳೆದ ಅಂಕಗಳಲ್ಲಿ ಒಂದು ಪೂರ್ತಿ ಆ ರಾತ್ರಿಯದು.