ನೇರ ವಿಮಾನವೋ, ಫ್ರಾಂಕ್‌ಫರ್ಟ್ ದಾರಿಯೋ?

ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಮಗಳ ಮನೆಗೆ ಬೆಂಗಳೂರಿನಿಂದ ಎರಡು ಸಲ ಹೋಗಿ ಬಂದೆ. ಮೊದಲ ಸಲ ಡಿಸೆಂಬರ್‌ನಲ್ಲಿ, ನೇರ ವಿಮಾನ. ಸುಮಾರು 16 ಗಂಟೆ. ಎರಡನೆಯ ಸಲ ಮೇ ತಿಂಗಳಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸಿ. ಕಾದ ಹೊತ್ತೂ ಸೇರಿ ಇಪ್ಪತ್ತನಾಲ್ಕೂವರೆ ಗಂಟೆ. ಲೆಕ್ಕದ ಪ್ರಕಾರ ನೇರ ವಿಮಾನವೇ ಗೆಲ್ಲಬೇಕು. ನನ್ನ ಮೊಣಕಾಲು ಆ ಲೆಕ್ಕವನ್ನು ಒಪ್ಪಲಿಲ್ಲ.

ನೇರ ವಿಮಾನದಲ್ಲಿ ಆಸೆಪಟ್ಟು ಕಿಟಕಿಯ ಸೀಟು ಹಿಡಿದಿದ್ದೆ. ಪಕ್ಕದವರಿಬ್ಬರಿಗೂ ಗಾಢ ನಿದ್ದೆ. ಎಬ್ಬಿಸಲು ಸಂಕೋಚಪಟ್ಟು ಒಂದೇ ಸಮನೆ ಆರು ಗಂಟೆ ಕುಳಿತೆ. ಇಳಿಯುವಾಗ ಪಾದ ಊದಿ ಶೂ ಹಿಡಿಸದೆ, ಅದರ ಹಿಂಬದಿಯನ್ನು ಹಿಮ್ಮಡಿಯಲ್ಲಿ ತುಳಿದುಕೊಂಡೇ ಇಮಿಗ್ರೇಷನ್ ಸಾಲಿನಲ್ಲಿ ನಿಂತೆ. ಫ್ರಾಂಕ್‌ಫರ್ಟ್‌ನಲ್ಲಿ ಮತ್ತೊಮ್ಮೆ ಭದ್ರತಾ ತಪಾಸಣೆ, ನೀರಿನ ಬಾಟಲಿ ಖಾಲಿ ಮಾಡುವ ರಗಳೆ ಎಲ್ಲ ಇತ್ತು. ಆದರೆ ಮೂರೂವರೆ ಗಂಟೆ ಓಡಾಡಿ, ಮುಖ ತೊಳೆದು, ಕಾಲು ಚಾಚಿ ಕುಳಿತದ್ದರಿಂದ ಆ ಸಲ ಶೂ ಸಲೀಸಾಗಿ ಏರಿತು. ಮೊಣಕಾಲಿನವರೆಗಿನ ಬಿಗಿ ಕಾಲುಚೀಲ ಹಾಕಿಕೊಂಡದ್ದೂ ಕಾರಣವಿರಬೇಕು. ಕುತ್ತಿಗೆಯ ದಿಂಬು ಮಾತ್ರ ಎರಡೂ ಸಲ ದಂಡ. ಮಡಚಿದ ಶಾಲನ್ನು ಸೊಂಟದ ಹಿಂದೆ ಇಟ್ಟುಕೊಂಡದ್ದೇ ಸುಖ ಕೊಟ್ಟಿತು.

ಜೆಟ್ ಲ್ಯಾಗ್ ವಿಷಯಕ್ಕೆ ಬಂದರೆ, ಅಲ್ಲಿಗೂ ಇಲ್ಲಿಗೂ ಚಳಿಗಾಲದಲ್ಲಿ ಹದಿಮೂರೂವರೆ ಗಂಟೆ, ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಹಗಲು ರಾತ್ರಿ ಅದಲು ಬದಲು. ನೇರ ವಿಮಾನ ಇಳಿದಾಗ ಸಂಜೆ ಐದು, ಆಗಲೇ ಕತ್ತಲು. ಏಳಕ್ಕೆ ಮಲಗಿದವಳು ನಡುರಾತ್ರಿ ಹಸಿವಾಗಿ ಫ್ರಿಜ್ ತೆರೆದು ನಿಂತಿದ್ದಾಗ ಮಗಳು ಎದ್ದು ಬಂದು, “ಅಮ್ಮಾ, ಈಗ ಎರಡೂವರೆ!” ಎಂದಳು. ಬೆಂಗಳೂರಿನಲ್ಲಿ ಅದು ಸಂಜೆ ನಾಲ್ಕು, ನನ್ನ ಕಾಫಿಯ ಹೊತ್ತು. ಹೀಗೇ ಎಂಟು ದಿನ ಹೋಯಿತು. ಮೇ ತಿಂಗಳಲ್ಲಿ ಇಳಿದದ್ದು ಮಧ್ಯಾಹ್ನ ಮೂರಕ್ಕೆ. ರಾತ್ರಿ ಎಂಟರವರೆಗೂ ಬೆಳಕಿತ್ತು. ಮಗಳು ಸೋಫಾದ ಮೇಲೆ ಒರಗಲೂ ಬಿಡದೆ ಪಾರ್ಕಿಗೆ ಎಳೆದೊಯ್ದಳು, ಒಂಬತ್ತರವರೆಗೆ ತಡೆದುಕೊಂಡೆ. ನಾಲ್ಕನೆಯ ದಿನಕ್ಕೆ ನಿದ್ದೆ ಸರಿಹೋಯಿತು. ಇದರಲ್ಲಿ ಫ್ರಾಂಕ್‌ಫರ್ಟ್‌ಗಿಂತ ಬಿಸಿಲಿನ ಪಾಲೇ ಹೆಚ್ಚು ಎನ್ನುವುದನ್ನು ಒಪ್ಪುತ್ತೇನೆ.

ಯಜಮಾನರ ಮತ ಈಗಲೂ ನೇರ ವಿಮಾನಕ್ಕೇ. ಬೆಲ್ಟ್ ಬಿಗಿದ ಮರುಕ್ಷಣ ಗೊರಕೆ ಹೊಡೆಯುವವರು ಅವರು. ಅವರ ಮಾತೇ ನಡೆದರೆ ಮುಂದಿನ ಸಲ ಓಡಾಡುವ ದಾರಿಯ ಪಕ್ಕದ ಸೀಟು ನನಗೆ, ಕಿಟಕಿ ಅವರಿಗೆ.