ಬಿಟ್ಟ ಪದ ತುಂಬಿಸುವುದೋ, ಕತೆ ಹೇಳಿಸುವುದೋ?

ಇಂಗ್ಲಿಷ್ ಕಲಿಯುವ ಮಕ್ಕಳಿಗೆ ಯಾವ ಪರೀಕ್ಷೆ ಕೊಡಬೇಕು? ಕ್ಲೋಜ್ ಪರೀಕ್ಷೆಯನ್ನು 1953ರಲ್ಲಿ ವಿಲ್ಸನ್ ಟೇಲರ್ ಪರಿಚಯಿಸಿದರು. ಪಾಠದಲ್ಲಿ ಪ್ರತಿ ಐದನೆಯದೋ ಏಳನೆಯದೋ ಪದ ಅಳಿಸಿ, ಮಕ್ಕಳಿಂದ ತುಂಬಿಸುವುದು. ಇಡೀ ತರಗತಿಗೆ ಒಟ್ಟಿಗೇ ಕೊಡಬಹುದು, ತಿದ್ದುವುದೂ ಸುಲಭ. ಆದರೆ ಮಗುವಿಗೆ ಮಾತಾಡಲು ಬರುತ್ತದೋ ಇಲ್ಲವೋ ತಿಳಿಯುವುದಿಲ್ಲ.

ಓದಿದ ಕತೆಯನ್ನು ಮರಳಿ ಹೇಳಿಸಲು ಸಮಯ ಜಾಸ್ತಿ ಬೇಕು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಬೇಕು. ಆದರೂ ನನ್ನ ಒಲವು ಇದಕ್ಕೇ. 'ಏಟ್' (ate) ಬದಲು 'ಈಟೆಡ್' (eated) ಅಂದ ಮಗು ಸುಮ್ನೆ ತಪ್ಪು ಮಾಡಿಲ್ಲ, ಆಗಿಹೋದದ್ದಕ್ಕೆ '-ed' ಸೇರಿಸುವ ನಿಯಮವನ್ನು ತಾನೇ ಹಿಡಿದಿದೆ, ಅಲ್ವಾ? ಬರೀ ಅಂಕ ನೋಡಿದರೆ ಇದು ಕಾಣುವುದಿಲ್ಲ. ಕೇಳುತ್ತಾ ಕೂತು, ಇಂಥದ್ದನ್ನೆಲ್ಲ ಬರೆದಿಟ್ಟುಕೊಳ್ಳಿ.

ಇನ್ನೂ ಮಾತೇ ಆಡದ ಹೊಸ ಮಗುವಿಗೆ ಎರಡೂ ಬೇಡ. ಚಿತ್ರಗಳನ್ನಿಟ್ಟು, ನೀವು ಹೇಳಿದ್ದನ್ನು ಬೆರಳಿಟ್ಟು ತೋರಿಸಲು ಹೇಳಿ.