ಚರ್ಚ್ ಕೆಲಸಕ್ಕೆ ಜನ ಹುಡುಕಲು ಗೂಗಲ್ ಫಾರ್ಮ್: ವರ್ಷಗಟ್ಟಲೆ ಬಳಸಿದ ಮೇಲೆ

ನೇರ ವಿಷಯಕ್ಕೆ ಬರುತ್ತೇನೆ. ಚರ್ಚ್ ಸೇವೆಗೆ ಸ್ವಯಂಸೇವಕರನ್ನು ಆನ್‌ಲೈನ್‌ನಲ್ಲಿ ಹುಡುಕುವವರಿಗೆ ಗೂಗಲ್ ಫಾರ್ಮ್ ಮತ್ತು ವಾಟ್ಸಾಪ್ ಧಾರಾಳ ಸಾಕು. ದುಡ್ಡು ಕೊಟ್ಟು ಆ್ಯಪ್ ತೆಗೆದುಕೊಳ್ಳಬೇಕಾಗಿಲ್ಲ. ಆದರೆ ಲಿಂಕ್ ಹಾಕಿದ ಕೂಡಲೇ ಜನ ಬಂದು ನಿಲ್ಲುತ್ತಾರೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ.

ಉಡುಪಿ ಹತ್ತಿರದ ನಮ್ಮ ಚರ್ಚ್‌ನ ಪಾಲನಾ ಮಂಡಳಿಯಲ್ಲಿ ನನ್ನ ಪಾಲಿಗೆ ಬಂದ ಕೆಲಸ ಇದು. ಮೊದಲೆಲ್ಲ ಪೂಜೆ ಮುಗಿದ ಮೇಲೆ ಫಾದರ್ ಪ್ರಕಟಣೆ ಓದುತ್ತಿದ್ದರು, ಆಯಾ ವಾಳೆಯ (ಚರ್ಚಿಗೆ ಸೇರಿದ ಮನೆಗಳ ಒಂದು ವಾರ್ಡ್) ಮುಖಂಡರಾದ ಗುರಿಕಾರರು ಮನೆಮನೆಗೆ ಹೋಗಿ ಹೇಳುತ್ತಿದ್ದರು. ಬರುವುದು ಮಾತ್ರ ಪ್ರತಿ ಸಲವೂ ಅದೇ ನಾಲ್ಕು ಮುಖ. ಹುಡುಗರು ಬೆಂಗಳೂರು, ದುಬೈ ಅಂತ ಹೋಗಿಬಿಟ್ಟಿದ್ದಾರೆ. ಊರಲ್ಲಿ ಇರುವವರಲ್ಲೂ ಎಷ್ಟೋ ಮಂದಿಗೆ ಮಣಿಪಾಲದಲ್ಲಿ ಶಿಫ್ಟ್ ಡ್ಯೂಟಿ. ಒಂದು ಭಾನುವಾರ ಕಂಡರೆ ಮುಂದಿನ ಭಾನುವಾರ ಇಲ್ಲ. ಅಂಥವರಿಗೆ ವಿಷಯ ಮುಟ್ಟಿಸಬೇಕಾದರೆ ಫೋನೇ ಗತಿ.

ಮೊದಲ ಫಾರ್ಮನ್ನು ಮಂಡಳಿಯವರೆಲ್ಲ ಸೇರಿ ಮಾಡಿದ್ದು. ಎಲ್ಲ ಆಯೋಗದವರಿಗೂ (ಚರ್ಚಿನ ಒಂದೊಂದು ಕೆಲಸ ನೋಡುವ ಸಮಿತಿಗಳು) ತಮ್ಮ ಹೆಸರು ಅದರಲ್ಲಿ ಇರಲೇಬೇಕು! ಕೊನೆಗೆ ಅದು ಪಾಸ್‌ಪೋರ್ಟ್ ಅರ್ಜಿಗಿಂತ ಉದ್ದವಾಯಿತು. ‘ನೀವು ಯಾವ ಸೇವೆ ಮಾಡಲು ಇಚ್ಛಿಸುತ್ತೀರಿ?’ ಅಂತ ಕೇಳಿ ಕೆಳಗೆ ಸಾಲು ಸಾಲು ಆಯೋಗಗಳು. ಜನ ಒಂದೋ ಎಲ್ಲದಕ್ಕೂ ಟಿಕ್ ಹಾಕಿದರು, ಇಲ್ಲ ಅರ್ಧದಲ್ಲೇ ಮುಚ್ಚಿದರು.

ಚಿತ್ರ ಬದಲಾದದ್ದು ಮೊಂತಿ ಹಬ್ಬಕ್ಕೆ, ಅಂದರೆ ಮೇರಿ ಮಾತೆಯ ಹುಟ್ಟುಹಬ್ಬ ಮತ್ತು ಹೊಸ ಬೆಳೆಯ ಹಬ್ಬಕ್ಕೆ. ಸೆಪ್ಟೆಂಬರ್ 8ರ ಹಬ್ಬ, ಆಗಸ್ಟ್ 30ರಿಂದಲೇ ನೊವೆನಾ, ಅಂದರೆ ಒಂಬತ್ತು ದಿನದ ಪ್ರಾರ್ಥನೆ. ಮಕ್ಕಳು ದಿನಾ ಹೂ ತರುತ್ತಾರೆ, ಅವರನ್ನು ಸಾಲಾಗಿ ನಿಲ್ಲಿಸಬೇಕು. ಹಬ್ಬದ ದಿನ ತೆನೆ ಆಶೀರ್ವಾದ, ಮೆರವಣಿಗೆ, ಮಕ್ಕಳಿಗೆ ಕಬ್ಬು ಹಂಚುವುದು. ಮೇಲಿಂದ ಮಳೆ, ಗದ್ದೆ ಬದಿಯಲ್ಲಿ ಪಾರ್ಕಿಂಗ್. ಆ ಸಲ ಫಾರ್ಮ್‌ನಲ್ಲಿ ‘ಸೇವೆ’ ಎಂಬ ಮಾತನ್ನೇ ಬಿಟ್ಟೆವು. ‘7ನೇ ತಾರೀಕು ಸಂಜೆ 5ರಿಂದ 7: ತೆನೆ ಬಿಡಿಸಿ ಮನೆಗೊಂದರಂತೆ ಕಟ್ಟುವುದು. ಕೂತು ಮಾಡುವ ಕೆಲಸ.’ ‘8ನೇ ತಾರೀಕು ಬೆಳಿಗ್ಗೆ 6.30ರಿಂದ 8: ಗೇಟ್ ಬಳಿ ಬೈಕ್ ನಿಲ್ಲಿಸುವುದು. ರೈನ್‌ಕೋಟ್ ತನ್ನಿ.’ ಹೀಗೆ ಬರೆದೆವು, ಅಷ್ಟೆ. ಯಾವತ್ತೂ ಮುಂದೆ ಬರದವರ ಹೆಸರುಗಳು ಬಂದವು. ‘ಕೂತು ಮಾಡುವ ಕೆಲಸ’ ಎಂದದ್ದಕ್ಕೆ ಮೊಣಕಾಲು ನೋವಿನ ಆಂಟಿಯರೇ ಜಾಸ್ತಿ ಬಂದರು. ಎಷ್ಟು ಹೊತ್ತು, ಎಲ್ಲಿ, ಯಾವಾಗ ಮುಗಿಯುತ್ತದೆ ಅಂತ ಗೊತ್ತಾದರೆ ಒಪ್ಪಿಕೊಳ್ಳಲು ಜನರಿಗೆ ಧೈರ್ಯ ಬರುತ್ತದೆ. ಇಲ್ಲದಿದ್ದರೆ ಒಮ್ಮೆ ಹೆಸರು ಕೊಟ್ಟರೆ ಜನ್ಮಪೂರ್ತಿ ಬಿಡುವುದಿಲ್ಲ ಅನ್ನೋ ಹೆದರಿಕೆ. ಅದು ಸುಳ್ಳೂ ಅಲ್ಲ ಬಿಡಿ.

ಒಂದು ಕೊರತೆ ಹೇಳಲೇಬೇಕು. ಒಂದು ಸಮಯಕ್ಕೆ ಬೇಕಾದಷ್ಟು ಜನ ಸೇರಿದ ಮೇಲೆ ಆ ಆಯ್ಕೆಯನ್ನು ಮಾತ್ರ ಮುಚ್ಚುವ ಸೌಲಭ್ಯ ಗೂಗಲ್ ಫಾರ್ಮ್‌ನಲ್ಲೇ ಇಲ್ಲ. ಬೇರೆಯವರು ಮಾಡಿದ ಆಡ್‌-ಆನ್ ಹಾಕಬೇಕು, ಇಲ್ಲವಾದರೆ ನಾವೇ ಹೋಗಿ ಆ ಸಾಲು ಅಳಿಸಬೇಕು. ನಾನು ಎರಡನೆಯದನ್ನೇ ಮಾಡುತ್ತೇನೆ.

ಇನ್ನು ಹೆಸರಿನ ಕಥೆ. ನಮ್ಮ ಕಡೆ, ಫಾರ್ಮಿನ ಉತ್ತರಗಳೆಲ್ಲ ಸೇರುವ ಶೀಟ್ ತೆರೆದು ‘ಡಿಸೋಜ’ ಅಂತ ಹುಡುಕಿದರೆ ಸಾಲು ಸಾಲು ಬರುತ್ತವೆ, ದೇವರೇ ಗತಿ. ಅದಕ್ಕೇ ಮನೆ ಹೆಸರೂ ವಾಳೆಯೂ ಬೇಕೇ ಬೇಕು. ವಾಳೆಯನ್ನು ಟೈಪ್ ಮಾಡಲು ಬಿಡಬೇಡಿ, ಪಟ್ಟಿಯಿಂದ ಆರಿಸುವಂತೆ ಮಾಡಿ. ಬಿಟ್ಟರೆ ಒಬ್ಬರು ಕನ್ನಡದಲ್ಲಿ, ಒಬ್ಬರು ಕೊಂಕಣಿಯಲ್ಲಿ, ಮತ್ತೊಬ್ಬರು ಇಂಗ್ಲಿಷಿನಲ್ಲಿ ಬರೆದು ಒಂದೇ ವಾಳೆ ಶೀಟ್‌ನಲ್ಲಿ ಮೂರಾಗುತ್ತದೆ. ಇನ್ನೂ ಸುಲಭದ ದಾರಿ ಇದೆ. ಪ್ರೀ-ಫಿಲ್ಡ್ ಲಿಂಕ್ ಅಂತ ಒಂದು ಸೌಲಭ್ಯ. ವಾಳೆಯ ಹೆಸರು ಮೊದಲೇ ತುಂಬಿರುವ ಲಿಂಕನ್ನು ಆಯಾ ಗುರಿಕಾರರಿಗೆ ಕೊಟ್ಟುಬಿಡಿ. ಅವರು ತಮ್ಮ ಗುಂಪಿಗೆ ಹಾಕುತ್ತಾರೆ.

ಆಮೇಲೆ ‘ನಿಮ್ಮ ಕೈಗೆ ಗೊತ್ತಿರುವ ಕೆಲಸ ಏನು?’ ಅಂತ ಒಂದೇ ಒಂದು ಬಿಡಿ ಪ್ರಶ್ನೆ ಇಡಿ. ಕುವೈತ್‌ನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ಊರಿಗೆ ಮರಳಿದವರೊಬ್ಬರು ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಹೋಗುತ್ತಿದ್ದರು. ನಮ್ಮ ಮೈಕ್ ಸೆಟ್‌ನ ಗೊರಗೊರ ನಿಂತದ್ದು ಅವರಿಂದ. ಯಾರೂ ಅವರನ್ನು ಕೇಳಿಯೇ ಇರಲಿಲ್ಲ.

ಫಾರ್ಮ್ ತುಂಬಿದ ಮೇಲಿನ ಎರಡು ದಿನವೇ ಮುಖ್ಯ. ಅಷ್ಟರಲ್ಲಿ ಯಾರಾದರೂ ಫೋನ್ ಮಾಡಿದರೆ ಆ ಮನುಷ್ಯ ಬರುತ್ತಾರೆ. ಒಂದು ವಾರ ಸುಮ್ಮನಿದ್ದರೆ ಅವರು ಮರೆತಿರುತ್ತಾರೆ, ಇಲ್ಲವೇ ಬೇಸರ ಮಾಡಿಕೊಂಡಿರುತ್ತಾರೆ. ಒಬ್ಬರು ಹಿರಿಯ ಗುರಿಕಾರರು ನನಗೆ ಮುಖಕ್ಕೇ ಹೇಳಿದ್ದರು, “ಲಿಂಕ್ ಕಳಿಸಿದರೆ ಆಯ್ತಾ ಮಾರಾಯ? ಒಂದು ಫೋನ್ ಮಾಡ್ಲಿಕ್ಕೆ ಆಗುದಿಲ್ವಾ?” ಈಗ ಹೊಸ ಹೆಸರು ಬಂದ ಕೂಡಲೇ ಮೇಲ್ ಬರುವ ಹಾಗೆ ಇಟ್ಟಿದ್ದೇನೆ. ಅದನ್ನು ಗುರಿಕಾರರಿಗೆ ದಾಟಿಸುತ್ತೇನೆ, ಫೋನ್ ಅವರೇ ಮಾಡುತ್ತಾರೆ. ಸ್ಮಾರ್ಟ್‌ಫೋನ್ ಇಲ್ಲದವರಿಗೆ ಚರ್ಚ್ ಬಾಗಿಲ ಬಳಿ ಚೀಟಿ ಮತ್ತು ಡಬ್ಬ ಇದೆ.

ನಡುವೆ ಒಂದು ವಿದೇಶಿ ಆ್ಯಪನ್ನೂ ನೋಡಿದೆವು. ಹೆಸರು ಬೇಡ. ಡ್ಯೂಟಿ ನೆನಪಿಸುವ ಸಂದೇಶ ಅದರಲ್ಲಿ ಚೆನ್ನಾಗಿತ್ತು. ಆದರೆ ಎಲ್ಲರೂ ಲಾಗಿನ್ ಮಾಡಬೇಕು, ಎಲ್ಲವೂ ಇಂಗ್ಲಿಷಿನಲ್ಲಿ, ಬಿಲ್ ಡಾಲರಿನಲ್ಲಿ. ಪಾಸ್‌ವರ್ಡ್ ಮರೆತವರಿಗೆ ಉತ್ತರ ಕೊಡುವುದೇ ಕೆಲಸವಾಗಿ ಬಿಟ್ಟೆವು. ಕಾರ್ಕಳದ ಅತ್ತೂರು ಚರ್ಚಿನಂಥ ಕಡೆ, ಜನವರಿ ಜಾತ್ರೆಗೆ ದಿನಗಟ್ಟಲೆ ಜನಸಾಗರ ಸೇರುವಲ್ಲಿ, ಅಂಥದ್ದು ಪ್ರಯೋಜನಕ್ಕೆ ಬಂದೀತು. ಒಂದು ಊರಿನ ಚರ್ಚ್‌ಗೆ ಹೊರೆ.

ವಾಟ್ಸಾಪ್‌ನಲ್ಲಿ ಸಾದಾ ಗುಂಪಿಗಿಂತ 2022ರಲ್ಲಿ ಬಂದ, ಹಲವು ಗುಂಪುಗಳನ್ನು ಒಂದೇ ಕಡೆ ಸೇರಿಸುವ ಕಮ್ಯುನಿಟಿ ಒಳ್ಳೆಯದು. ಅದರ ಪ್ರಕಟಣೆ ಗುಂಪಿನಲ್ಲಿ ಅಡ್ಮಿನ್‌ಗಳು ಮಾತ್ರ ಬರೆಯಬಹುದು, ಗುಡ್ ಮಾರ್ನಿಂಗ್ ಹೂಗಳ ಕಾಟ ಇಲ್ಲ. ಒಬ್ಬರ ನಂಬರ್ ಗುಂಪಿನ ಅಪರಿಚಿತರಿಗೆಲ್ಲ ಕಾಣುವುದಿಲ್ಲ. ಹೆಣ್ಣುಮಕ್ಕಳು ಸೇರಲು ಇದೂ ಒಂದು ಕಾರಣ.

ಮಕ್ಕಳಿಗೆ ಧರ್ಮೋಪದೇಶ ಕಲಿಸುವವರನ್ನು ಮಾತ್ರ ಫಾರ್ಮ್ ನೋಡಿ ಸೇರಿಸಬೇಡಿ. ನಮ್ಮಲ್ಲಿ ಫಾದರ್ ಕೂರಿಸಿ ಮಾತಾಡುತ್ತಾರೆ, ಗುರಿಕಾರರನ್ನು ವಿಚಾರಿಸುತ್ತಾರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆ ಏನು ಹೇಳುತ್ತದೆ ಅಂತ ತಿಳಿಸುತ್ತಾರೆ. ಹದಿನೆಂಟು ತುಂಬದ ಹುಡುಗ ಹುಡುಗಿಯರು ಹೆಸರು ಕೊಟ್ಟರೆ ಅಪ್ಪ ಅಮ್ಮನ ಒಪ್ಪಿಗೆ ಬೇಕು, 2023ರ ಡೇಟಾ ರಕ್ಷಣೆ ಕಾಯ್ದೆಯೂ ಅದನ್ನೇ ಹೇಳುತ್ತದೆ. ಆಧಾರ್ ಅಪ್‌ಲೋಡ್ ಅಂತೂ ಕೇಳಲೇಬೇಡಿ. ಆ ಪ್ರಶ್ನೆ ಇಟ್ಟರೆ ಗೂಗಲ್ ಲಾಗಿನ್ ಕೇಳುತ್ತದೆ, ಅರ್ಧ ಜನ ಅಲ್ಲೇ ವಾಪಸ್. ಕಬ್ಬು ಹಂಚಲು ಆಧಾರ್ ಯಾಕೆ, ಅಲ್ವಾ?

ಶುರು ಮಾಡುವವರು ಫಾರ್ಮನ್ನು ಚರ್ಚ್‌ನ ಇಮೇಲ್‌ನಲ್ಲೇ ತೆರೆಯಿರಿ, ಸ್ವಂತದ್ದರಲ್ಲಿ ಬೇಡ. ಕಾರ್ಯದರ್ಶಿ ಬದಲಾಗುತ್ತಾರೆ, ಫಾದರಿಗೆ ವರ್ಗವಾಗುತ್ತದೆ, ಶೀಟ್ ಅಲ್ಲೇ ಇರಬೇಕು. ಹಬ್ಬ ಮುಗಿದ ಮರುದಿನ ಫಾರ್ಮ್ ಮುಚ್ಚಲು ಮರೆಯಬೇಡಿ, ಇಲ್ಲದಿದ್ದರೆ ಡಿಸೆಂಬರಿನಲ್ಲೂ ತೆನೆ ಕಟ್ಟಲು ಹೆಸರು ಬರುತ್ತಲೇ ಇರುತ್ತದೆ.